ಅರವತ್ತನಾಲ್ಕು ಗ್ರೇನ್ ಮದ್ದು

ಗುರುವಾರ ಬೆಳಿಗ್ಗೆ ಸೆಲ್ಮರ್ ಹೌಗನ್ ಹೆಂಡತಿಗೆ ಎಲ್ಲವನ್ನೂ ಹೇಳಿಬಿಡುವುದೆಂದು ನಿರ್ಧರಿಸಿ, ಹೇಳಲು ಬಾಯಿ ತೆರೆದು, ಮೊಟ್ಟೆಗೆ ಉಪ್ಪು ಸಾಲದು ಎಂದ. ಆರ್ಡಿಸ್ ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಪಕ್ಕಕ್ಕೆ ಕುಕ್ಕಿದಳು. "ತೂಕ ಮಾಡಿ ಹಾಕ್ಕೊ," ಅಂದಳು. ಮೂವತ್ತೊಂದು ವರ್ಷ ಜಿಲ್ಲೆಯ ತೂಕ-ಅಳತೆ ಇನ್‌ಸ್ಪೆಕ್ಟರಾಗಿ ಗೋಧಿ ಗೋದಾಮಿನ ತಕ್ಕಡಿಗಳಿಗೂ ಪೆಟ್ರೋಲ್ ಪಂಪುಗಳಿಗೂ ಮುದ್ರೆ ಒತ್ತಿ ಬಂದವನ ಹೆಂಡತಿಗೆ ಇಷ್ಟು ಹೇಳುವ ಹಕ್ಕು ಇದ್ದೇ ಇತ್ತು. ಒಂದು ವರ್ಷ ಚರ್ಚಿನ ಸುಗ್ಗಿಯೂಟದ ದಿನ ಹೆಂಗಸರು ಮಿಠಾಯಿ ತೂಗುತ್ತಿದ್ದ ತಕ್ಕಡಿ ಅರ್ಧ ಔನ್ಸು ಸುಳ್ಳು ಹೇಳುತ್ತಿದೆಯೆಂದು ಅದಕ್ಕೆ ಅವನು ಕೆಂಪು ಚೀಟಿ ಅಂಟಿಸಿದ್ದ. ತಕ್ಕಡಿ ಆರ್ಡಿಸ್‌ಳ ತಾಯಿಯದು. ಆ ಮುದುಕಿ ಸಾಯುವತನಕ ಅವನಿಗೆ ಕಾಫಿ ಬಗ್ಗಿಸುವಾಗೆಲ್ಲ, "ಸರಿಯಾಗಿದೆಯಾ ನೋಡಪ್ಪ, ಆಮೇಲೆ ಚೀಟಿ ಅಂಟಿಸ್ತೀಯ," ಅನ್ನುತ್ತಿದ್ದಳು. ಅಂಥವನು, ಆ ಕೆಂಪು ಚೀಟಿಯ ಸೆಲ್ಮರ್, ಈಗ ಕೋಟಿನ ಒಳಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು ಇಟ್ಟುಕೊಂಡು, ಅದು ಎದೆಗೆ ಒತ್ತಿದ ಹಾಗಾದಾಗೆಲ್ಲ ಮೊಟ್ಟೆಯ ಕಡೆ ನೋಡುತ್ತ ಕೂತಿದ್ದ.

"ವೆಂಡಲ್‌ನ ನೋಡೋಕೆ ತಾನೇ ಹೊರಟಿರೋದು? ಈ ಬ್ರೆಡ್ಡು ಲವೋನ್‌ಗೆ ಕೊಡು," ಅಂದಳು ಆರ್ಡಿಸ್, ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತುತ್ತ. "ಪಾಪ ಕಣೋ ಅವಳು, ಗಂಡ ಹಾಗೆ ಬಿದ್ಕೊಂಡಿರೋವಾಗ. ನಿನ್ನ ಹೆಸರೆತ್ತಿದ್ರೆ ಸಾಕು, ಕಣ್ಣು ಒರೆಸ್ಕೋತಾಳೆ. ಕಷ್ಟಕಾಲದಲ್ಲೇ ಸ್ನೇಹಿತರು ಯಾರು ಅಂತ ಗೊತ್ತಾಗೋದು ಅಂತಾಳೆ."

"ಹಾಗೇನಿಲ್ಲ," ಎಂದ ಸೆಲ್ಮರ್.

"ಏನು ಹಾಗೇನಿಲ್ಲ?"

"ಬ್ರೆಡ್ಡು ಚೆನ್ನಾಗಿ ಬಂದಿದೆ ಅಂದೆ."

ಆರ್ಡಿಸ್ ಅವನನ್ನು ಒಂದು ಕ್ಷಣ ನೋಡಿದಳು. ಅವಳು ಹಾಗೆ ನೋಡಿದರೆ ಸೆಲ್ಮರ್‌ಗೆ ತಾನು ತಕ್ಕಡಿಯ ತಟ್ಟೆಯಲ್ಲಿ ಕೂತ ಹಾಗೆ ಅನ್ನಿಸುತ್ತಿತ್ತು. ಟೋಪಿ ತೆಗೆದುಕೊಂಡು, ಬ್ರೆಡ್ಡು ಮರೆತು, ಬಾಗಿಲಿನಿಂದ ವಾಪಸ್ಸು ಬಂದು ಬ್ರೆಡ್ಡು ತೆಗೆದುಕೊಂಡು ಹೋದ.

ಊರಿನಿಂದ ಆಸ್ಪತ್ರೆಯ ಆರೈಕೆಮನೆಗೆ ಹದಿನೆಂಟು ಮೈಲಿ. ಮೊಂಟಾನಾದ ಈ ಪೂರ್ವ ಭಾಗದಲ್ಲಿ ರಸ್ತೆ ತಿರುಗುವುದೇ ಇಲ್ಲ. ಸ್ಟೀರಿಂಗಿಗೆ ಕೆಲಸವಿಲ್ಲ, ಮನಸ್ಸಿಗೆ ತಪ್ಪಿಸಿಕೊಳ್ಳಲು ಒಂದು ಮರದ ಮರೆಯೂ ಇಲ್ಲ. ಎರಡೂ ಕಡೆ ಕೊಯ್ದ ಗೋಧಿಯ ಕೂಳೆ, ತುದಿಯಲ್ಲಿ ಗೋದಾಮಿನ ಬಿಳಿ ಗೋಪುರ. ಎಷ್ಟು ಹೊತ್ತು ಹೋದರೂ ಆ ಗೋಪುರ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಕಳೆದ ಭಾನುವಾರ ಪಾದ್ರಿ ಲಿಂಡ್‌ಕ್ವಿಸ್ಟ್ ಪೀಠದ ಮೇಲೆ ನಿಂತು ರೋಗಿಗಳನ್ನು ಕಾಣಲು ಹೋಗುವವರ ಪುಣ್ಯದ ಬಗ್ಗೆ ಮಾತಾಡುತ್ತ, "ದೂರ ಹುಡುಕಬೇಕಾಗಿಲ್ಲ, ನಮ್ಮಲ್ಲೇ ಒಬ್ಬರಿದ್ದಾರೆ, ವಾರವಾರವೂ ಮಾತು ಕಳಕೊಂಡ ಗೆಳೆಯನ ಪಕ್ಕ ಕೂತು ಮಗುವಿಗೆ ಕಲಿಸಿದ ಹಾಗೆ ಎಣಿಸಲು ಕಲಿಸುತ್ತಿದ್ದಾರೆ," ಎಂದಾಗ ಇಡೀ ಚರ್ಚು ತಿರುಗಿ ಸೆಲ್ಮರನ ಕಡೆ ನೋಡಿತ್ತು. ಆಗ ಅವನು ಹಾಡಿನ ಪುಸ್ತಕವನ್ನು ತೆರೆದು ಮುಖಕ್ಕೆ ಹಿಡಿದ. ಅದು ತಲೆಕೆಳಗಾಗಿತ್ತು. ಮುಂದಿನ ಸಾಲಿನ ಮುದುಕಿ ಅದನ್ನು ಕಂಡು, ಭಾವನೆ ಉಕ್ಕಿ ಬಂದಿದೆಯೆಂದು ತಿಳಿದು, ಅವನ ಮಂಡಿ ತಟ್ಟಿದಳು. ಕಳ್ಳನೊಬ್ಬ ಸಿಕ್ಕಿಬಿದ್ದರೆ ಆಗುವ ಅವಮಾನವನ್ನು ಅವನು ಎಷ್ಟೋ ಅಂಗಡಿಗಳಲ್ಲಿ ಎದುರಿಗೆ ನಿಂತು ನೋಡಿದ್ದ. ಸಿಕ್ಕಿಬೀಳದ ಕಳ್ಳನಿಗೆ ಹಾರ ಹಾಕಿದರೆ ಏನಾಗುತ್ತದೆಂದು ಮಾತ್ರ ಅವನಿಗೆ ಆವತ್ತಿನತನಕ ಗೊತ್ತಿರಲಿಲ್ಲ.

ಎಲ್ಲಕ್ಕೂ ಆ ಕೋವಿಯೇ ಕಾರಣ. ಅಜ್ಜ ನಾರ್ವೆಯಿಂದ ಬಂದು ಇಲ್ಲಿ ಭೂಮಿ ಹಿಡಿದ ಕಾಲದ ಒಂಟಿ ಈಡಿನ ಕೋವಿ. ಹಿಂದಿನ ಬಾಗಿಲು ಹೊರಳಿಸಿ ಒಂದು ತೋಟಾ ತುಂಬಬೇಕು, ಹೊಡೆಯಬೇಕು, ಮತ್ತೆ ಬಾಗಿಲು ಹೊರಳಿಸಬೇಕು. ನೂರಿಪ್ಪತ್ತು ವರ್ಷದ ಆ ನಳಿಗೆಗೆ ಈ ಕಾಲದ ಹೊಗೆಯಿಲ್ಲದ ಮದ್ದು ಹಾಕಿದರೆ ಕೋವಿಯೂ ಹೊಡೆದವನ ಮುಖವೂ ಒಟ್ಟಿಗೆ ಹೋಗುತ್ತವೆ. ಅದಕ್ಕೆ ಬೇಕಾದ್ದು ಹಳೆಯ ಕರಿಮದ್ದು. ಆ ಮದ್ದನ್ನು ಎಷ್ಟು ಹಾಕಬೇಕು, ಎಷ್ಟು ಒತ್ತಬೇಕು, ಅದರ ಮೇಲೆ ಎಂಥ ರಟ್ಟಿನ ಬಿಲ್ಲೆ, ಸೀಸಕ್ಕೆ ಎಷ್ಟು ತವರ, ಗುಂಡಿನ ಗೀರುಗಳಿಗೆ ಜೇನುಮೇಣದ ಜೊತೆ ಯಾವ ಕೊಬ್ಬು, ಇದನ್ನೆಲ್ಲ ಪ್ರತಿ ಕೋವಿಗೂ ಅದರದೇ ಹಠಕ್ಕೆ ತಕ್ಕ ಹಾಗೆ ಹುಡುಕಿ ತೆಗೆಯಬೇಕು. ಸೆಲ್ಮರ್ ನಿವೃತ್ತನಾದ ಮೇಲೆ ಐದು ಚಳಿಗಾಲ ಇದನ್ನೇ ಹುಡುಕಿದ್ದ. ಮದ್ದು ತೂಗುವ ಗ್ರೇನ್ ಎಂಬ ಕಾಳಿನಷ್ಟು ಸಣ್ಣ ತೂಕದಲ್ಲಿ ಅರವತ್ತು, ಅರವತ್ತಮೂರು, ಅರವತ್ತಾರು, ಅರವತ್ತೊಂಬತ್ತು, ಹೀಗೆ ಮೂರು ಮೂರರ ಮೆಟ್ಟಿಲು ಹತ್ತಿಸಿ, ನೋಟುಬುಕ್ಕಿನಲ್ಲಿ ಗೆರೆ ಎಳೆದು, ಗಾಳಿಯ ತೇವದಿಂದ ಹಿಡಿದು ಆ ದಿನ ತಾನು ಎಷ್ಟು ಕಪ್ಪು ಕಾಫಿ ಕುಡಿದೆನೆಂಬುದರ ತನಕ ಬರೆದಿಟ್ಟ. ಕೋವಿ ಮಾತ್ರ ಕಾಗದದ ಮೇಲೆ ಕೋಳಿ ಕೆದರಿದ ಹಾಗೆ ಕೆದರುತ್ತಿತ್ತು. ಶರತ್ಕಾಲದ ಗುರಿ ಹೊಡೆಯುವ ಪಂದ್ಯದಲ್ಲಿ ಐನೂರು ಗಜದಾಚೆ ನಿಲ್ಲಿಸಿದ ಕಬ್ಬಿಣದ ಟಗರುಗಳು ಅವನ ಸರದಿ ಬಂದಾಗ ನೆಮ್ಮದಿಯಾಗಿ ನಿಂತಿರುತ್ತಿದ್ದವು. ಹೊಡೆಯೋನು ಯಾರು ಅಂತ ಅವುಗಳಿಗೂ ಗೊತ್ತಾಗಿದೆ ಅಂತ ಯಾರೋ ಒಮ್ಮೆ ಅಂದಿದ್ದರು. ಅಂದವನು ವೆಂಡಲ್ ಪ್ರೂಯಿಟ್ಟೇ.

ವೆಂಡಲ್‌ನ ಸರದಿಯಲ್ಲಿ ಟಗರು ಬೀಳುತ್ತಿತ್ತು. ಮೊದಲು ಢಂ ಎಂದು ಕೋವಿ, ಬಿಳಿ ಹೊಗೆಯ ಒಂದು ದಿಂಬು, ಆಮೇಲೆ ಉಸಿರು ಬಿಗಿಹಿಡಿದು ಕಾಯುವಷ್ಟು ಮೌನ, ಆಮೇಲೆ ದೂರದಿಂದ ಠಣ್. ಹದಿನೆಂಟು ವರ್ಷ ಆ ಠಣ್ ಅನ್ನು ಸೆಲ್ಮರ್ ಪಕ್ಕದಲ್ಲಿ ಕೂತು ಕೇಳಿದ್ದ. ವೆಂಡಲ್ ಊರೂರು ತಿರುಗಿ ಕುರಿಯ ತುಪ್ಪಟ ಕತ್ತರಿಸಿ ಬದುಕಿದವನು, ಅಂಗಿಯ ಗುಂಡಿ ಒಂದು ದಿನವೂ ನೆಟ್ಟಗೆ ಹಾಕಿದವನಲ್ಲ, ತೋಟಾಗಳನ್ನು ತಂಬಾಕಿನ ಡಬ್ಬಿಯಲ್ಲಿ ಗಲಗಲ ಅಂತ ಹಾಕಿಕೊಂಡು ಬರುತ್ತಿದ್ದವನು. "ಎಷ್ಟು ಮದ್ದು ಹಾಕ್ತೀಯೋ?" ಎಂದು ಸೆಲ್ಮರ್ ವರ್ಷಕ್ಕೊಮ್ಮೆ, ಆ ಮಾತು ಈಗ ತಾನೇ ಹೊಳೆಯಿತೆಂಬಂತೆ ಕೇಳುತ್ತಿದ್ದ. "ಸಾಕಾಗೋವಷ್ಟು," ಅನ್ನುತ್ತಿದ್ದ ವೆಂಡಲ್, ಹಲ್ಲು ಕಿರಿದು. ಆ ಹಲ್ಲುಗಳ ಹಿಂದೆ ಒಂದು ಸಂಖ್ಯೆ ಇದೆ ಎಂದು ಸೆಲ್ಮರ್‌ಗೆ ಖಾತ್ರಿಯಿತ್ತು. ಇಂಥ ಮನುಷ್ಯನಿಗೆ ಇಂಥ ಗುರಿ ಸಿಗಬೇಕಾದರೆ ಎಲ್ಲೋ ಒಂದು ನಿಖರವಾದ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಸೆಲ್ಮರ್ ಹೌಗನ್‌ನ ಮೂವತ್ತೊಂದು ವರ್ಷಕ್ಕೆ ಅರ್ಥವೇನು?

ಮಾರ್ಚಿನಲ್ಲಿ ವೆಂಡಲ್‌ಗೆ ಪಾರ್ಶ್ವವಾಯು ಹೊಡೆಯಿತು. ಕುರಿಯೊಂದನ್ನು ಮೊಣಕಾಲ ನಡುವೆ ಹಿಡಿದು ಅರ್ಧ ತುಪ್ಪಟ ತೆಗೆದಿದ್ದನಂತೆ, ಬಿದ್ದ. ಕುರಿ ಅರ್ಧ ಬೆತ್ತಲೆಯಾಗಿ ಓಡಿಹೋಯಿತು. ಬಲಗೈ ಸೋತಿತು, ಮಾತು ಹೋಯಿತು. ಉಳಿದದ್ದು ಎರಡು: ಒಂದು, ಹೆಂಗಸರ ಮುಂದೆ ಹೇಳಬಾರದ ಒಂದು ಬೈಗುಳ. ಅದನ್ನು ಅವನು ಪ್ರಾರ್ಥನೆ ಮಾಡಲು ಬಂದ ಪಾದ್ರಿಗೆ ಬಹಳ ಸ್ಪಷ್ಟವಾಗಿ ಹೇಳಿದ. ಇನ್ನೊಂದು, ಕುರಿ. ನೀರು ಬೇಕಾದರೂ ಕುರಿ, ಕಿಟಕಿ ಮುಚ್ಚಬೇಕಾದರೂ ಕುರಿ, ಹೆಂಡತಿ ಬಂದರೂ ಕುರಿ. ಸೆಲ್ಮರ್ ಮೊದಲ ಸಲ ಹೋದದ್ದು ದುಃಖಕ್ಕೇ. ಅದರಲ್ಲಿ ಕಲಬೆರಕೆ ಇರಲಿಲ್ಲ. ಇದ್ದರೂ ನೂರಕ್ಕೆ ಎರಡು ಪಾಲು, ಅಷ್ಟನ್ನು ಅವನ ಇಲಾಖೆಯೂ ಬಿಟ್ಟುಬಿಡುತ್ತಿತ್ತು. ಆದರೆ ಮಂಚದ ಪಕ್ಕ ಕೂತು, ಗೆಳೆಯನ ಸೊಟ್ಟಗಾದ ಬಾಯಿ ನೋಡುತ್ತಿದ್ದಾಗ, ಆ ಸಂಖ್ಯೆ ಈಗ ಆ ಬಾಯಿಯೊಳಗೆ ಬೀಗ ಹಾಕಿಕೊಂಡು ಕೂತಿದೆಯಲ್ಲ ಎಂಬ ಯೋಚನೆ ಇಲಿಯ ಹಾಗೆ ಓಡಾಡಿತು. ಅವನು ಅದನ್ನು ಓಡಿಸಿದ. ಅದು ಮಂಚದ ಕೆಳಗೆ ಹೋಗಿ ಕೂತಿತು. ಎರಡನೇ ಸಲ ಹೋದಾಗ, ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಮೆಲ್ಲಗೆ ಬಗ್ಗಿ, "ವೆಂಡಲ್, ಎಷ್ಟು ಗ್ರೇನೋ?" ಎಂದು ಕೇಳಿಯೇಬಿಟ್ಟ. ವೆಂಡಲ್ ಅವನ ಕಣ್ಣಲ್ಲಿ ಕಣ್ಣಿಟ್ಟು, "ಕುರಿ," ಎಂದ. ಅದು ಉತ್ತರವೋ ಬೈಗುಳವೋ ತಿಳಿಯದೆ ಸೆಲ್ಮರ್ ಮೂರು ದಿನ ಸಂಕಟಪಟ್ಟ.

ದಾರಿ ತೋರಿಸಿದವಳು ನರ್ಸ್ ಡಾರ್ಲೀನ್. ವೆಂಡಲ್‌ಗೆ ಕುಡಿಯುವ ಮದ್ದನ್ನು ಬಟ್ಟಲಿಗೆ ಹಾಕುತ್ತ, ಕಣ್ಣಂದಾಜಿನಲ್ಲೇ ಹಾಕುತ್ತ (ಸೆಲ್ಮರ್ ನಾಲಿಗೆ ಕಚ್ಚಿ ಹಿಡಿದುಕೊಂಡ), ಅವಳು ಹೇಳಿದಳು: "ಬಿಡಿಬಿಡಿಯಾಗಿ ಒಂದೊಂದೇ ಮಾತು ಬರಲ್ಲ ಇವರಿಗೆ. ಸಾಲು ಹಿಡಿದ್ರೆ ಬರತ್ತೆ ನೋಡಿ. ಸೋಮವಾರ ಅಂತ ಶುರು ಮಾಡಿಸಿದ್ರೆ ಭಾನುವಾರದ ತನಕ ಬರ್ತಾರೆ. ಒಂದು ಎರಡು ಅಂದ್ರೆ ಮೂರು ನಾಲ್ಕು ತಾನಾಗೇ ಬರತ್ತೆ. ಮಾತು ಕಲಿಸೋ ಮೇಡಂ ಹೇಳಿದಾರೆ, ಐದು ಬೇಕು ಅಂದ್ರೆ ಒಂದರಿಂದ ಎಣಿಸ್ಕೊಂಡು ಬಂದು ಐದರಲ್ಲಿ ನಿಲ್ತಾರಂತೆ ಇಂಥವರು." ಡಾರ್ಲೀನ್ ಅದನ್ನು ಹೇಳಿ ಮುಂದಿನ ಮಂಚಕ್ಕೆ ಹೋದಳು. ಸೆಲ್ಮರ್ ಮಾತ್ರ ಕೂತಲ್ಲೇ ಬೆವೆತ. ಒಂದರಿಂದ ಎಣಿಸಿಕೊಂಡು ಬಂದು ನಿಲ್ಲುತ್ತಾರೆ! ಬೀಗದ ಕೈ ನೆಲದ ಮೇಲೆ ಬಿದ್ದಿತ್ತು. ಆಮೇಲೆ ವಾರಕ್ಕೆರಡು ಸಲ, ಲವೋನ್ ಮನೆಗೆ ಹೋಗಿ ಬಟ್ಟೆ ಒಗೆದುಕೊಂಡು ಬರುವ ಹೊತ್ತಿಗೆ ಸರಿಯಾಗಿ ಬಂದು, ಅವನು ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. "ಮದ್ದು, ವೆಂಡಲ್. ನಿನ್ನ ಕೋವಿಯ ಮದ್ದು. ಒಂದು... ಎರಡು..." ವೆಂಡಲ್ ಹೊರಡುತ್ತಿದ್ದ. ಮೊದಲ ದಿನ ಹನ್ನೆರಡಕ್ಕೆ ದಣಿದ. ಇನ್ನೊಂದು ದಿನ ಹತ್ತೊಂಬತ್ತಾದ ಮೇಲೆ ಮತ್ತೆ ಹತ್ತೊಂಬತ್ತು ಅಂದು ಅಲ್ಲೇ ಸುತ್ತಿದ. ಸೆಲ್ಮರ್ ಅವನನ್ನು ಇಪ್ಪತ್ತರ ಹೊಸ್ತಿಲು ದಾಟಿಸಿದ, ಮೂವತ್ತು ದಾಟಿಸಿದ, ಕೆಸರಿನಲ್ಲಿ ಸಿಕ್ಕ ಗಾಡಿಗೆ ಭುಜ ಕೊಟ್ಟವನ ಹಾಗೆ ನಲವತ್ತು ದಾಟಿಸಿದ. ಕಳೆದ ಶುಕ್ರವಾರ ವೆಂಡಲ್ ಐವತ್ತು ದಾಟಿದಾಗ ಸೆಲ್ಮರ್ ಕುರ್ಚಿಯ ಅಂಚಿಗೆ ಬಂದಿದ್ದ. ಅರವತ್ತು, ಅರವತ್ತೊಂದು. ಬಾಗಿಲ ಬಳಿ ತಳ್ಳುಗಾಡಿಯ ಚಕ್ರ ಕಿರುಗುಟ್ಟಿತು. ಅರವತ್ತೆರಡು. ಅರವತ್ತಮೂರು. ಡಾರ್ಲೀನ್ ತಟ್ಟೆಗಳನ್ನು ಎತ್ತಿಡುವ ಸದ್ದು. "ಅರವತ್ತನಾಲ್ಕು," ಎಂದ ವೆಂಡಲ್, ಮತ್ತು ನಿಂತ. ಬಾಯಿ ಮುಚ್ಚಿ ತುಟಿ ಸವರಿಕೊಂಡ. ಆ ಮುಖದಲ್ಲಿ ಎಂಥ ತೃಪ್ತಿ! ಸೆಲ್ಮರ್ ಟೋಪಿಯನ್ನೂ ಹಾಕಿಕೊಳ್ಳದೆ ಕಾರಿನ ಕಡೆ ಓಡಿದ. ಮೂರು ಮೂರರ ಮೆಟ್ಟಿಲಲ್ಲಿ ಅರವತ್ತಮೂರಕ್ಕೂ ಅರವತ್ತಾರಕ್ಕೂ ನಡುವೆ ತಾನು ಐದು ವರ್ಷ ದಾಟಿ ನಡೆದ ಜಾಗವದು.

ಮರುದಿನ ಬೆಳಿಗ್ಗೆ ಐದು ತೋಟಾ ತುಂಬಿದ. ಮಾರುದ್ದದ ಹಿತ್ತಾಳೆ ಕೊಳವೆಯ ಮೇಲಿನಿಂದ ಮದ್ದನ್ನು ಎಳೆ ಎಳೆಯಾಗಿ ಇಳಿಸಿದ, ಕಾಳಿಗೆ ಕಾಳು ಹೊಂದಿಕೊಂಡು ಕೂರಲಿ ಎಂದು. ಒತ್ತಿದ. ಬಿಲ್ಲೆ ಇಟ್ಟ. ಗುಂಡನ್ನು ಹೆರಳು ಹೆಣೆಯುವ ಜಾಗರೂಕತೆಯಿಂದ ಕೂರಿಸಿದ. ಬಯಲಿಗೆ ಹೋದಾಗ ಅಲ್ಲಿ ಇನ್ನಾರೂ ಇರಲಿಲ್ಲ. ಇನ್ನೂರು ಗಜಕ್ಕೆ ಕಾಗದ ಕಟ್ಟಿ, ಮೊದಲ ಈಡು ಹೊಡೆದ. ಹೊಗೆ ನಳಿಗೆಯ ಮುಂದೆ ಹಾಗೇ ನಿಂತುಬಿಟ್ಟಿತು. ಅದು ತಾನಾಗಿ ಕರಗುವ ತನಕ ಅವನು ಹಿಂದಿನಿಂದ ನಳಿಗೆಗೆ ಊದುಕೊಳವೆ ಸಿಕ್ಕಿಸಿ, ಒಳಗಿನ ಮಸಿ ಗಟ್ಟಿಯಾಗದಿರಲೆಂದು ತನ್ನ ಹಸಿ ಉಸಿರನ್ನು ನಿಧಾನವಾಗಿ ಊದಿದ. ಎರಡು, ಮೂರು, ನಾಲ್ಕು. ದುರ್ಬೀನಿನಲ್ಲಿ ನೋಡಿದರೆ, ನಾಲ್ಕು ತೂತು ಒಂದು ಕಾಫಿ ತಟ್ಟೆಯ ಕೆಳಗೆ ಮುಚ್ಚುವಷ್ಟು ಹತ್ತಿರ! ಅವನ ಕೋವಿ, ಅಜ್ಜನ ಕೋವಿ, ಹೀಗೆ ಮನುಷ್ಯರ ಹಾಗೆ ನಡೆದುಕೊಂಡದ್ದು ಅದೇ ಮೊದಲು. ಐದನೆಯದನ್ನು ಹೊಡೆಯುವಾಗ ಮಾತ್ರ ಭುಜದಲ್ಲಿ ಏನೋ ನಡುಕ, ಕೋವಿಯ ಕುದುರೆಯನ್ನು ಬೆರಳು ಎಳೆಯಿತೋ ಕಿತ್ತಿತೋ. ನೋಡಿದ. ನಾಲ್ಕು ತೂತು. ನಡೆದುಹೋಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ನಾಲ್ಕು. ಆದರೆ ಎಡಗಡೆಯದು ತುಸು ಮೊಟ್ಟೆಯಾಕಾರ ಇತ್ತಲ್ಲ? ಇತ್ತು. ಒಂದು ಗುಂಡಿನ ದಾರಿಯಲ್ಲೇ ಇನ್ನೊಂದು ಹೋಗುವುದು ಉಂಟು, ಅಂಥದು ನಡೆದಿದೆ, ಜನ ನೋಡಿದ್ದಾರೆ. ನೋಟುಬುಕ್ಕು ತೆಗೆದು, 'ಐದು' ಎಂದು ಬರೆದ. ಶಾಯಿಯಲ್ಲಿ. ಬರೆದಾದ ಮೇಲೆ ಸಂತೋಷಪಡಲು ಹೊರಟವನಿಗೆ ಮೊದಲ ಸಲ ಎದೆಯಲ್ಲಿ ಆ ಇಲಿ ಕಡಿಯಿತು: ಇದು ವೆಂಡಲ್‌ನದು, ನಿನ್ನದಲ್ಲ. ಮಾತು ಹೋದವನ ಬಾಯಿಂದ, ಅವನ ಚಿಕಿತ್ಸೆಯ ಹೆಸರಿನಲ್ಲಿ, ಎಣಿಸಿ ಎಣಿಸಿ ತೆಗೆದದ್ದು.

ಆರೈಕೆಮನೆಯ ಮುಂದೆ ಕಾರು ನಿಲ್ಲಿಸಿ ಅವನು ಸ್ವಲ್ಪ ಹೊತ್ತು ಎಂಜಿನು ಆರಿಸದೆ ಕೂತ. ಬ್ರೆಡ್ಡಿನ ವಾಸನೆ ಕಾರೆಲ್ಲ ತುಂಬಿತ್ತು. ಒಳಗೆ ಬಿಸಿಲುಕೋಣೆಯಲ್ಲಿ ವೆಂಡಲ್ ಗಾಲಿಕುರ್ಚಿಯ ಮೇಲೆ, ಮೊಣಕಾಲಿಗೆ ಕಂಬಳಿ ಹೊದ್ದು, ಹೊರಗಿನ ಹುಲ್ಲು ನೋಡುತ್ತ ಕೂತಿದ್ದ. ಇವತ್ತು ಲವೋನ್ ಮನೆಗೆ ಹೋಗಿರಲಿಲ್ಲ. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದ ದಪ್ಪ ಹೆಂಗಸು. ಹೆಣೆಯುತ್ತ ಕೂತಿದ್ದರೂ ಹಿಂದಿನ ಸೀಟಿನಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಗೊತ್ತಿರುವವಳ ಹಾಗೆ ಕೂರುತ್ತಿದ್ದಳು.

"ಲವೋನ್, ನಾನೊಂದು ಮಾತು ಹೇಳ್ಬೇಕು."

"ಕೋಟು ಬಿಚ್ಚಿ, ಕೂತು ಹೇಳು. ಜಪ್ತಿಗೆ ಬಂದವನ ಹಾಗೆ ನಿಂತಿದೀಯ."

ಸೆಲ್ಮರ್ ಕೂರಲಿಲ್ಲ. ಬ್ರೆಡ್ಡನ್ನು ಎರಡು ಕೈಯಲ್ಲೂ ಹಿಡಿದುಕೊಂಡೇ ಹೇಳಿದ: "ನಾನು ಇಷ್ಟು ದಿನ ವೆಂಡಲ್‌ನ ನೋಡೋಕೆ ಬರ್ತಿರ್ಲಿಲ್ಲ."

"ಹಂಗಾದ್ರೆ ಆ ಹನ್ನೊಂದು ಸಲ ಬಂದೋನು ಯಾರು? ನಿನ್ನ ತಮ್ಮನಾ?"

"ತಮಾಷೆ ಬೇಡ ಲವೋನ್. ನಾನು ಬಂದಿದ್ದು ಇವನ ಮದ್ದಿನ ಲೆಕ್ಕ ಕದಿಯೋಕೆ. ಎಣಿಸೋದು ಕಲಿಸ್ತೀನಿ ಅಂತ ನೆಪ ಮಾಡಿ."

ಹೆಣಿಗೆಯ ಕಡ್ಡಿಗಳು ನಿಂತವು. ಲವೋನ್ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. ಈಗ ಬರುತ್ತದೆ, ಎಂದು ಸೆಲ್ಮರ್ ಬೆನ್ನು ನೆಟ್ಟಗೆ ಮಾಡಿದ. ಬರಲಿ. ಕೆಂಪು ಚೀಟಿ ಅಂಟಿಸಿಬಿಡಲಿ. ಅವನಿಗೆ ಅದು ಬೇಕಾಗಿತ್ತು ಎಂಬುದೇ ಈಗ ಅವನಿಗೆ ತಿಳಿದದ್ದು.

"ಕದ್ಯಾ?"

"ಕದ್ದೆ."

"ಎಷ್ಟು?"

"ಅರವತ್ನಾಲ್ಕು ಗ್ರೇನು."

"ಯಾರು ಹೇಳಿದ್ದು?"

"ವೆಂಡಲ್."

"ಈ ವೆಂಡಲ್ಲಾ?" ಲವೋನ್ ಗಂಡನ ಕಡೆ ತಿರುಗಿದಳು. "ಏನೋ, ನಿಂಗೆ ಗ್ರೇನು ಅಂದ್ರೇನು ಅಂತ ಗೊತ್ತೇನೋ?"

"ಕುರಿ," ಎಂದ ವೆಂಡಲ್ ಖುಷಿಯಿಂದ.

ಲವೋನ್ ನಗತೊಡಗಿದಳು. ಮೊದಲು ಭುಜ ಅಲುಗಿತು, ಆಮೇಲೆ ಕುರ್ಚಿ ಅಲುಗಿತು, ನೂಲಿನ ಉಂಡೆ ಮಡಿಲಿನಿಂದ ಉರುಳಿ ಗಾಲಿಕುರ್ಚಿಯ ಕೆಳಗೆ ಹೋಯಿತು. "ಸೆಲ್ಮರ್, ನಮ್ಮನೇಲಿ ತಕ್ಕಡೀನೇ ಇಲ್ಲ ಕಣೋ! ಯಾವತ್ತೂ ಇರ್ಲಿಲ್ಲ. ಹಳೇ ತೋಟಾದ ಕೊಳವೆ ಕತ್ತರಿಸಿ ಅದಕ್ಕೊಂದು ತಂತಿ ಹಿಡಿ ಸುತ್ಕೊಂಡಿದ್ದ. ಸೌಟು. ಡಬ್ಬೀಲಿ ಅದ್ದೋದು, ಮೇಲೆ ಬೆರಳಲ್ಲಿ ಸವರೋದು, ಸುರಿಯೋದು. ನಾನು ಹಿಟ್ಟು ಅಳೆದ ಹಾಗೆ. ಅದೂ ಅಡುಗೆಮನೇಲೇ. ಒಂದೊಂದು ದಿನ ಕಾಫಿಪುಡೀನೂ ಅದರಲ್ಲೇ ತೆಗೀತಿದ್ದ ಮೂಢ."

"ಸೌಟು," ಎಂದ ಸೆಲ್ಮರ್.

"ಸೌಟು."

"ಆ ಸೌಟಿಗೆ ಎಷ್ಟು ಹಿಡಿಯತ್ತೆ?"

"ಸಾಕಾಗೋವಷ್ಟು!" ಲವೋನ್ ಮತ್ತೆ ನಗುವಿನ ಕೈಗೆ ಸಿಕ್ಕಿದಳು. ಹದಿನೆಂಟು ವರ್ಷ ಆ ಮನುಷ್ಯ ತನಗೆ ನಿಜವನ್ನೇ ಹೇಳುತ್ತಿದ್ದನೆಂಬುದು ಸೆಲ್ಮರ್‌ಗೆ ಈಗ ಒಂದು ಅವಮಾನದ ಹಾಗೆ ತಾಗಿತು. ಗುಟ್ಟು ಇಟ್ಟುಕೊಂಡವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದು. ಗುಟ್ಟೇ ಇಲ್ಲದವನನ್ನು ಏನು ಮಾಡುವುದು?

"ಆದ್ರೆ ಅರವತ್ನಾಲ್ಕಕ್ಕೆ ನಿಂತ," ಎಂದ ಅವನು, ಮುಳುಗುವವನು ಹಲಗೆ ಹಿಡಿದ ಹಾಗೆ. "ಸರಿಯಾಗಿ ಅಲ್ಲೇ ನಿಂತ ಲವೋನ್. ನಾನು ಕಣ್ಣಾರೆ ನೋಡಿದೆ. ತುಟಿ ಸವರ್ಕೊಂಡ."

"ಯಾವಾಗ, ಶುಕ್ರವಾರ ಮಧ್ಯಾಹ್ನಾನಾ? ಆವತ್ತು ಪುಡ್ಡಿಂಗು. ಡಾರ್ಲೀನ್ ಗಾಡಿ ಸದ್ದು ಕೇಳಿದ್ರೆ ಇವನು ದೇವರ ಹತ್ರ ಮಾತಾಡ್ತಿದ್ರೂ ಅಲ್ಲೇ ನಿಲ್ಲಿಸ್ತಾನೆ. ಪಾದ್ರಿಗಳು ಪ್ರಾರ್ಥನೆ ಮಧ್ಯದಲ್ಲಿದ್ದಾಗ ಚಮಚ ಎತ್ತಿಬಿಟ್ಟ, ಗೊತ್ತಾ?"

ಸೆಲ್ಮರ್ ಕೂತುಬಿಟ್ಟ. ಬ್ರೆಡ್ಡು ಇನ್ನೂ ಅವನ ತೊಡೆಯ ಮೇಲೆಯೇ ಇತ್ತು, ಬೆಚ್ಚಗೆ. ಪುಡ್ಡಿಂಗು. ಹಾಗಾದರೆ ತನ್ನ ಕಳ್ಳತನಕ್ಕೆ ವಸ್ತುವೇ ಇರಲಿಲ್ಲ. ಇಷ್ಟು ದಿನ ನಿದ್ದೆ ಕೆಡಿಸಿಕೊಂಡದ್ದು, ಚರ್ಚಿನಲ್ಲಿ ಪುಸ್ತಕ ತಲೆಕೆಳಗೆ ಹಿಡಿದದ್ದು ಎಲ್ಲ ಯಾವುದಕ್ಕೆ? ಪಾಪ ಮಾಡಲು ಹೊರಟು ಅದರಲ್ಲೂ ಗುರಿ ತಪ್ಪಿದವನ ಪಾಡು ಯಾವ ಪುಸ್ತಕದಲ್ಲೂ ಬರೆದಿಲ್ಲ ಅನ್ನಿಸಿತು. ಲವೋನ್ ಕಣ್ಣೊರೆಸಿಕೊಂಡು, ನೂಲಿನ ಉಂಡೆಗಾಗಿ ಬಗ್ಗುತ್ತ, ಬೇರೆ ದನಿಯಲ್ಲಿ ಹೇಳಿದಳು: "ಮಾತು ಕಲಿಸೋ ಮೇಡಂ ಮೂರು ತಿಂಗಳು ಒದ್ದಾಡಿದ್ಲು. ಇಪ್ಪತ್ತು ದಾಟಿಸೋಕೆ ಆಗ್ಲಿಲ್ಲ. ನನ್ನ ಕೈಲೂ ಆಗ್ಲಿಲ್ಲ, ಹದಿನೈದಕ್ಕೇ ಅಳು ಬರೋದು ನಂಗೆ. ಸೋಮವಾರ ಇವನು ಅವಳ ಮುಂದೆ ನೂರರ ತನಕ ಹೋದ. ನೂರು! ಅವಳು ಯಾರು ಕಲಿಸಿದ್ದು ಅಂದ್ಲು. ನಮ್ಮ ತೂಕದ ಇನ್‌ಸ್ಪೆಕ್ಟರು ಅಂದೆ." ಉಂಡೆಯನ್ನು ಮಡಿಲಿಗೆ ಹಾಕಿಕೊಂಡು, "ನೀನು ಕದಿಯೋಕೆ ಬಂದ್ಯೋ ಕೊಡೋಕೆ ಬಂದ್ಯೋ, ನಂಗೆ ಅದು ಬೇಕಾಗಿಲ್ಲ ಸೆಲ್ಮರ್. ಮುಂದಿನ ವಾರದಿಂದ ತಿಂಗಳುಗಳ ಹೆಸರು ಶುರು ಮಾಡು. ಅದರಲ್ಲೂ ಏನಾದ್ರೂ ಕದಿಯೋಕೆ ಇದ್ರೆ ಕದ್ಕೋ."

ಬೈಗುಳ ಬರಲಿಲ್ಲ. ಕಾದು ಕೂತವನಿಗೆ ಬೈಗುಳ ಬರದಿದ್ದರೆ ಕೈಯೆಲ್ಲಿಡಬೇಕೆಂದು ಗೊತ್ತಾಗುವುದಿಲ್ಲ. ಸೆಲ್ಮರನ ಕೈ ತಾನಾಗಿ ಒಳಜೇಬಿಗೆ ಹೋಯಿತು. ಹೋದಾಗ ಅಲ್ಲಿ ಶನಿವಾರದ ಆ ತೂತುಬಿದ್ದ ಕಾಗದ ಸಿಕ್ಕಿತು. ಸಿಕ್ಕಿದ ಕೂಡಲೇ ಅವನೊಳಗೆ ಇನ್ನೊಂದು ಸಂಗತಿ ಬೆಳಗಿತು. ಅದು ವೆಂಡಲ್‌ನ ಸಂಖ್ಯೆ ಅಲ್ಲವೆಂದ ಮೇಲೆ ಮತ್ತೆ ಯಾರದು? ಪುಡ್ಡಿಂಗು ಕೋವಿ ಹೊಡೆಯುವುದಿಲ್ಲವಲ್ಲ. ಆ ಅರವತ್ತನಾಲ್ಕನ್ನು ತೂಗಿದವನು, ಕೊಳವೆಯಲ್ಲಿ ಇಳಿಸಿದವನು, ಒತ್ತಿದವನು ಸೆಲ್ಮರ್ ಹೌಗನ್! ಐದು ಚಳಿಗಾಲದ ನಂತರ ಸಿಕ್ಕ ಮದ್ದಿನ ಹದ ಅವನದೇ, ಬೇರೆ ಯಾರದೂ ಅಲ್ಲ. ಐದು ನಿಮಿಷದ ಹಿಂದೆ ತಪ್ಪೊಪ್ಪಿಗೆ ಮಾಡಿ ಒಣಗಿದ್ದ ಮುಖದ ಮೇಲೆ ಈಗ ರಕ್ತ ಏರಿತು. ಕಾಗದವನ್ನು ಬಿಚ್ಚಿ ವೆಂಡಲ್‌ನ ಕಂಬಳಿಯ ಮೇಲೆ ಹರಡಿ, ಮಡಿಕೆಗಳನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದ.

"ನೋಡೋ ವೆಂಡಲ್. ಇನ್ನೂರು ಗಜ. ಅಜ್ಜನ ಕೋವಿ. ಐದು ಈಡು."

ವೆಂಡಲ್ ಬಗ್ಗಿದ. ಕುರಿಯ ಮೈಮೇಲಿನ ಗಾಯ ಹುಡುಕುವಾಗ ಇಡುತ್ತಿದ್ದ ಗಮನ ಅವನ ಮುಖಕ್ಕೆ ಬಂತು. ಸೋಲದ ಎಡಗೈಯ ತೋರುಬೆರಳನ್ನು ತಂದು ಮೇಲಿನ ತೂತಿನ ಮೇಲೆ ಇಟ್ಟ.

"ಒಂದು," ಎಂದ.

"ಭೇಷ್," ಎಂದಳು ಲವೋನ್.

"ಎರಡು. ಮೂರು." ಬೆರಳು ಎಡಗಡೆಯ ತೂತಿಗೆ ಹೋಯಿತು. "ನಾಲ್ಕು."

ಬೆರಳು ಕಾಗದದ ಮೇಲೆ ಅಲೆಯಿತು. ಅಂಚಿನ ತನಕ ಹೋಯಿತು, ಇನ್ನೊಂದು ಅಂಚಿಗೆ ಬಂತು. ಸೆಲ್ಮರ್ "ಐದು," ಎಂದು ಸಾಲು ಹಿಡಿಸಿಕೊಟ್ಟ. ವೆಂಡಲ್ ಅವನನ್ನು ನೋಡಿದ. ಬೆರಳನ್ನು ಮತ್ತೆ ಮೇಲಿನ ತೂತಿಗೆ ತಂದು ಮೊದಲಿನಿಂದ ಎಣಿಸಿದ. ಸಾಲು ಹಿಡಿದರೆ ನಿಲ್ಲಲಾರದವನು, ಪುಡ್ಡಿಂಗು ಬಂದರೆ ಹೊರತು ನೂರಕ್ಕೂ ನಿಲ್ಲದವನು, ತಳ್ಳುಗಾಡಿ ಇಲ್ಲ, ಡಾರ್ಲೀನ್ ಇಲ್ಲ, ನಾಲ್ಕಕ್ಕೆ ನಿಂತ. "ನಾಲ್ಕು," ಎಂದ ಇನ್ನೊಮ್ಮೆ, ಮೆಲ್ಲಗೆ, ಬಾಗಿಲು ಹಾಕಿದ ಹಾಗೆ.

ಲವೋನ್ ಕಡ್ಡಿ ಕೆಳಗಿಟ್ಟು ಎದ್ದು ಬಂದಳು. ಅವಳಿಗೆ ಕಾಗದ ಬೇಕಾಗಿರಲಿಲ್ಲ, ಗಂಡನ ಬಾಯಿಯನ್ನೇ ನೋಡುತ್ತಿದ್ದಳು. "ಇವನು ತಾನಾಗೇ ನಿಂತ. ಸೆಲ್ಮರ್, ನೋಡಿದ್ಯಾ? ತಾನಾಗೇ ನಿಂತ." ಆಮೇಲೆ ಕಾಗದ ನೋಡಿ, "ಹೌದಲ್ಲೋ, ನಾಲ್ಕೇ ಇರೋದು."

"ಎರಡು ಗುಂಡು ಒಂದೇ ತೂತಲ್ಲಿ ಹೋಗಿದೆ," ಎಂದ ಸೆಲ್ಮರ್. "ಎಡಗಡೆದು ನೋಡು, ಮೊಟ್ಟೆ ಹಾಗಿದೆ."

ವೆಂಡಲ್ ಕಿರುಬೆರಳನ್ನು ಎಡಗಡೆಯ ತೂತಿಗಿಟ್ಟು ಸುತ್ತಲೂ ತಿರುಗಿಸಿದ. ತೂತು ಗುಂಡಗಿತ್ತು. ಅವನು ತಲೆ ಎತ್ತಿ ಸೆಲ್ಮರನ್ನು ನೋಡಿದ. ಆ ನೋಟದಲ್ಲಿ ಗೇಲಿ ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಮಾಂಸದಂಗಡಿಯಲ್ಲಿ ತಕ್ಕಡಿಯ ಪಕ್ಕ ನಿಂತು, ತಟ್ಟೆಯ ಅಂಚಿಗೆ ತಾಗಿದ ತಮ್ಮ ಹೆಬ್ಬೆರಳನ್ನು ಇನ್‌ಸ್ಪೆಕ್ಟರು ನೋಡಿದನೋ ಇಲ್ಲವೋ ಎಂದು ತಿಳಿಯದೆ, ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಿದ್ದವರ ಮುಖ ಸೆಲ್ಮರ್‌ಗೆ ನೆನಪಾಯಿತು. ಅವರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಹೆಬ್ಬೆರಳು ಅಲ್ಲಿಗೆ ಹೇಗೆ ಹೋಗುತ್ತದೆಂದು ಅವರಿಗೂ ಗೊತ್ತಿರುತ್ತಿರಲಿಲ್ಲವೇನೋ. ಗೋಡೆಯ ಮೇಲೆ ಇಲ್ಲೂ ಒಂದು ಕ್ಯಾಲೆಂಡರು ಇತ್ತು. ಅವನು ಅದರ ಕಡೆ ನೋಡಲಿಲ್ಲ.

"ಐದನೇದು ಹೋಯ್ತು ಕಣೋ," ಎಂದ. ತನ್ನ ದನಿ ಇಷ್ಟು ಚಿಕ್ಕದೆಂದು ಅವನಿಗೆ ಗೊತ್ತಿರಲಿಲ್ಲ. "ಕಾಗದಕ್ಕೇ ತಾಗ್ಲಿಲ್ಲ. ಎಲ್ಲಿಗೆ ಹೋಯ್ತೋ ಗೊತ್ತಿಲ್ಲ. ನಾನು ಐದು ಅಂತ ಬರ್ಕೊಂಡೆ."

ಹೇಳಿದ ಮೇಲೆ ಮೈಯೆಲ್ಲ ಹಗುರಾದ ಹಾಗಾಯಿತು, ಜೊತೆಗೆ ನಾಚಿಕೆ. ಎರಡನ್ನೂ ಬೇರೆ ಬೇರೆ ತೂಗುವ ತಕ್ಕಡಿ ಅವನ ಬಳಿ ಇರಲಿಲ್ಲ. ವೆಂಡಲ್‌ನ ಬಾಯಿ ಅಲುಗುತ್ತಿತ್ತು. ಅವನು ಎಡಗೈಯಿಂದ ಸೆಲ್ಮರನ ಮುಂಗೈ ಹಿಡಿದುಕೊಂಡ. ತುಪ್ಪಟದ ಜಿಡ್ಡು ಎಷ್ಟೋ ವರ್ಷ ಕುಡಿದ ಕೈ, ಇನ್ನೂ ಮೆತ್ತಗಿತ್ತು. "ಕು..." ಎಂದ, ತಲೆ ಕೊಡವಿದ, ಅದಲ್ಲ. ಮತ್ತೆ ಪ್ರಯತ್ನಿಸಿದ. ಕುತ್ತಿಗೆಯ ನರ ಉಬ್ಬಿತು. ಆ ಹೆಂಗಸರ ಮುಂದೆ ಹೇಳಬಾರದ ಮಾತು ಬರುತ್ತದೆಂದು ಸೆಲ್ಮರ್ ಕಾದ. ಯಾವ ಸಾಲನ್ನೂ ಹಿಡಿಯದೆ, ಮುಂದೆ ಹಿಂದೆ ಏನೂ ಇಲ್ಲದೆ, ಒಂದೇ ಮಾತು ಹೊರಗೆ ಬಂತು.

"ಗಾಳಿ," ಎಂದ ವೆಂಡಲ್.

ಲವೋನ್ ಬಾಯಿಗೆ ಕೈ ಒತ್ತಿಕೊಂಡಳು. ಸೆಲ್ಮರ್‌ಗೆ ಮಾತ್ರ ಆ ಮಾತಿನ ತೂಕ ಪೂರ್ತಿ ಗೊತ್ತಿತ್ತು. ಗುರಿ ತಪ್ಪಿದವರೆಲ್ಲ ಎದ್ದು ಬಂದು ಹೇಳುವ ಮಾತು ಅದು, ಗಾಳಿ ಎಳೆದುಬಿಡ್ತು ಅಂತ. ಹೊಡೆಯುವವರು ಒಬ್ಬರಿಗೊಬ್ಬರು ಅದನ್ನು ಒಪ್ಪಿಕೊಳ್ಳುತ್ತಾರೆ, ನಾಳೆ ತಮಗೂ ಬೇಕಾಗುತ್ತದೆ. ವೆಂಡಲ್ ಮಾತ್ರ ಹದಿನೆಂಟು ವರ್ಷದಲ್ಲಿ ಒಬ್ಬನಿಂದಲೂ ಅದನ್ನು ಒಪ್ಪಿರಲಿಲ್ಲ. ಯಾರಾದರೂ ಗಾಳಿ ಎಂದರೆ ಬೆರಳು ನೆಕ್ಕಿ ಮೇಲಕ್ಕೆತ್ತಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ನಿಂತು, ಎಲ್ಲಿದೆಯಪ್ಪ ಎಂಬ ಹಾಗೆ ಸುತ್ತ ನೋಡುತ್ತಿದ್ದ. ಅತಿ ಹೆಚ್ಚು ಸಲ ಅದು ನಡೆದದ್ದು ಸೆಲ್ಮರ್‌ಗೇ.

ಆ ಬೆಳಿಗ್ಗೆ ಬಯಲಿನಲ್ಲಿ ಹೊಗೆ ಅಲ್ಲಾಡದೆ ನಳಿಗೆಯ ಮುಂದೆ ನಿಂತಿತ್ತು. ಒಂದು ಹುಲ್ಲೂ ಬಾಗಿರಲಿಲ್ಲ.

"ಹೌದು ಕಣೋ," ಎಂದ ಸೆಲ್ಮರ್, ಕೈ ಬಿಡಿಸಿಕೊಳ್ಳದೆ. "ಭಾರೀ ಗಾಳಿ."